ಗಾಟಿಂಗೆನ್ ಗಣಿತ ಸಂಸ್ಥೆಯ ಗಾಜಿನ ಕಪಾಟುಗಳು: ಒಂದು ಭೇಟಿ, ಕೆಲವು ಪ್ರಶ್ನೆಗಳು

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಕೆಲಸದ ನಿಮಿತ್ತ ಆರು ವರ್ಷಗಳಿಂದ ಜರ್ಮನಿಯ ಕಾಸೆಲ್ ನಗರದಲ್ಲಿದ್ದೇನೆ. ಕಳೆದ ತಿಂಗಳು ನನ್ನ ತಂದೆಯವರು ಊರಿನಿಂದ ಬಂದಿದ್ದರು. ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರಿಗೆ ಕೋಟೆ, ಅರಮನೆ ತೋರಿಸಿದರೆ ಅರ್ಧ ಗಂಟೆಯಲ್ಲಿ ಕೂರಲು ಜಾಗ ಹುಡುಕುತ್ತಾರೆ. ಹಾಗಾಗಿ ಒಂದು ಬುಧವಾರ ರಜೆ ಹಾಕಿ, ವೇಗದ ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿಯಲ್ಲಿರುವ ಗಾಟಿಂಗೆನ್‌ಗೆ ಅವರನ್ನು ಕರೆದುಕೊಂಡು ಹೋದೆ.

ಗೌಸ್, ರೀಮಾನ್, ಹಿಲ್ಬರ್ಟ್ ಪಾಠ ಹೇಳಿದ ಆ ವಿಶ್ವವಿದ್ಯಾಲಯದ ಗಣಿತ ಸಂಸ್ಥೆ ಬುನ್ಸೆನ್ ಬೀದಿಯಲ್ಲಿದೆ. ಅಮೆರಿಕದ ರಾಕ್‌ಫೆಲರ್ ಹಣದಿಂದ ಕಟ್ಟಿ 1929ರಲ್ಲಿ ತೆರೆದ ಕಟ್ಟಡ ಅದು. ಹೊರಗಿನಿಂದ ನೋಡಿದರೆ ನಮ್ಮ ಕಡೆಯ ಯಾವುದೋ ಹಳೆಯ ಸರಕಾರಿ ಕಚೇರಿಯಂತೆ ತೋರುತ್ತದೆ. ಟಿಕೆಟ್ ಕೌಂಟರ್ ಇಲ್ಲ, ಚಪ್ಪಲಿ ಬಿಡುವ ಜಾಗ ಹುಡುಕಬೇಕಿಲ್ಲ, ಬಾಗಿಲಲ್ಲಿ ತಡೆಯುವವರೂ ಇರಲಿಲ್ಲ. ಮೆಟ್ಟಿಲು ಹತ್ತಿ ಮಹಡಿಯ ಮೊಗಸಾಲೆಗೆ ಬಂದರೆ ಎತ್ತರದ ಗಾಜಿನ ಕಪಾಟುಗಳು ಸಾಲಾಗಿ ನಿಂತಿವೆ. ಅವುಗಳ ಒಳಗೆ ಪ್ಲಾಸ್ಟರ್, ಹಿತ್ತಾಳೆ, ಮರ, ತಂತಿ, ರಟ್ಟು ಮತ್ತು ರೇಷ್ಮೆ ದಾರದಿಂದ ಮಾಡಿದ ನೂರಾರು ಆಕೃತಿಗಳಿವೆ. ತರಗತಿಗೆ ಹೋಗುವ ಹುಡುಗ ಹುಡುಗಿಯರು ಅವುಗಳ ಪಕ್ಕದಲ್ಲೇ ಕಾಫಿ ಲೋಟ ಹಿಡಿದು ಹಾದುಹೋಗುತ್ತಾರೆ. ನಾವಿದ್ದ ಎರಡು ಗಂಟೆಗಳಲ್ಲಿ ಯಾರೊಬ್ಬರೂ ನಿಂತು ನೋಡಲಿಲ್ಲ ಎಂಬುದನ್ನು ಅಪ್ಪ ಊಟದ ಹೊತ್ತಿಗೆ ಮೂರು ಸಲ ಹೇಳಿದರು.

ದಾರದ ಒಂದು ಮಾದರಿಯ ಮುಂದೆ ಅವರು ಬಹಳ ಹೊತ್ತು ನಿಂತರು. ಮೇಲೊಂದು ಕೆಳಗೊಂದು ಬಳೆ, ನಡುವೆ ಬಿಗಿದ ನೇರ ದಾರಗಳು. ದಾರಗಳೆಲ್ಲ ಓರೆಯಾಗಿರುವುದರಿಂದ ಆಕೃತಿಯ ನಡು ಡಮರುವಿನಂತೆ ಸಣ್ಣಗಾಗಿದೆ. ಏಕಪಟಲ ಅತಿಪರವಲಯಜ ಎಂದು ಪುಸ್ತಕಗಳಲ್ಲಿ ಕರೆಯುವುದು ಇದನ್ನೇ. ಅಪ್ಪ ಗಾಜಿಗೆ ಮೂಗು ತಾಗಿಸಿ, “ಭತ್ತದ ಸಿವುಡನ್ನು ನಡುವೆ ಬಿಗಿದು ಒಂದು ತಿರುವು ಕೊಟ್ಟರೆ ಹೀಗೇ ಆಗುತ್ತದಲ್ಲೇ, ಹುಲ್ಲು ಎಲ್ಲೂ ಬಗ್ಗುವುದಿಲ್ಲ, ಆದರೂ ಮೈ ಬಾಗುತ್ತದೆ” ಎಂದರು. ನೇರ ಗೆರೆಗಳಿಂದಲೇ ಬಾಗಿದ ಮೇಲ್ಮೈ ಹುಟ್ಟುತ್ತದೆ ಎಂಬುದನ್ನು ಎಂಜಿನಿಯರಿಂಗ್‌ನಲ್ಲಿ ನಾನು ಸಮೀಕರಣವಾಗಿ ಓದಿದ್ದೆ. ಅದು ಕಣ್ಣಿಗೆ ಕಂಡದ್ದು ಅಂದೇ ಮೊದಲು.

ನನ್ನ ಪ್ರಶ್ನೆ ಇಷ್ಟು. ಈ ಮಾದರಿಗಳನ್ನು ಒಂದು ಕಾಲದಲ್ಲಿ ಅಷ್ಟು ಖರ್ಚು ಮಾಡಿ ಮಾಡಿಸಿದವರು ಆಮೇಲೆ ಅವನ್ನು ಬಿಟ್ಟದ್ದೇಕೆ? ಮತ್ತು ಒಂದು ಪ್ಲಾಸ್ಟರ್ ಗಡ್ಡೆಯ ಮೇಲೆ ಇಪ್ಪತ್ತೇಳು ನೇರ ಗೆರೆಗಳನ್ನು ಕೊರೆದಿದ್ದರು. ಅಪ್ಪ ಎಣಿಸಲು ಹೋಗಿ ಹದಿನಾಲ್ಕಕ್ಕೆ ನಿಂತರು, ಉಳಿದವು ಹಿಂಬದಿಗಿದ್ದವು. ಅದೇನೆಂದು ತಿಳಿದವರು ವಿವರಿಸುವಿರಾ?

ಹಳೇ ಮೇಷ್ಟ್ರು, ಧಾರವಾಡ:

ತಂಗಿ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿರಿ. ಅವರು ನೋಡಿದ್ದು ಕ್ಲೆಬ್ಷ್‌ನ ಕರ್ಣ ಮೇಲ್ಮೈ ಆಗಿರಬೇಕು, ಗಣಿತದ ಮಾದರಿಗಳಲ್ಲೆಲ್ಲ ಅದೇ ಹೆಸರಾದದ್ದು.

ಗೋಲವನ್ನು ಎರಡನೆಯ ಘಾತದ ಸಮೀಕರಣದಿಂದ ಬರೆಯುತ್ತೇವೆ. ಘಾತವನ್ನು ಒಂದು ಹೆಚ್ಚಿಸಿ ಮೂರನೆಯ ಘಾತದ ಸಮೀಕರಣ ಬರೆದರೆ ದೊರೆಯುವ ಮೇಲ್ಮೈಗೆ ಘನ ಮೇಲ್ಮೈ ಎನ್ನುತ್ತಾರೆ. ಅಂಥ ಮೇಲ್ಮೈ ಎಲ್ಲೂ ಚೂಪಾಗದೆ, ಹರಿಯದೆ ನಯವಾಗಿದ್ದರೆ ಅದರ ಮೇಲೆ ಪೂರ್ತಿಯಾಗಿ ಮಲಗಿಕೊಳ್ಳುವ ಸರಳರೇಖೆಗಳು ಸರಿಯಾಗಿ 27 ಇರುತ್ತವೆ, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಇದನ್ನು 1849ರಲ್ಲಿ ಕೇಲಿ ಮತ್ತು ಸಾಮನ್ ಪತ್ರ ವ್ಯವಹಾರದಲ್ಲಿ ಕಂಡುಕೊಂಡರು. ಒಂದು ಷರತ್ತಿದೆ: ಸಮ್ಮಿಶ್ರ ಸಂಖ್ಯೆಗಳನ್ನೂ, ಅಂದರೆ ಋಣ ಸಂಖ್ಯೆಯ ವರ್ಗಮೂಲ ಬೆರೆತವನ್ನೂ, ಸೇರಿಸಿ ಎಣಿಸಬೇಕು. ವಾಸ್ತವ ಸಂಖ್ಯೆಗಳಷ್ಟನ್ನೇ ಇಟ್ಟುಕೊಂಡರೆ, ಅಂದರೆ ಕಣ್ಣಿಗೆ ಕಾಣುವ ಗೆರೆಗಳನ್ನಷ್ಟೇ ಎಣಿಸಿದರೆ, ಸಂಖ್ಯೆ 27, 15, 7 ಅಥವಾ 3 ಆಗಬಹುದೆಂದು ಸ್ವಿಟ್ಜರ್ಲೆಂಡಿನ ಶ್ಲೆಫ್ಲಿ ತೋರಿಸಿದರು. ಹೆಚ್ಚಿನ ಮೇಲ್ಮೈಗಳಲ್ಲಿ ಕೆಲವು ಗೆರೆಗಳು ನಮ್ಮ ಜಗತ್ತಿಗೆ ಬಾರದೆ ಆಚೆಯೇ ಉಳಿದುಬಿಡುತ್ತವೆ.

ಗಾಟಿಂಗೆನ್‌ನಲ್ಲೇ ಪ್ರಾಧ್ಯಾಪಕರಾಗಿದ್ದ ಆಲ್ಫ್ರೆಡ್ ಕ್ಲೆಬ್ಷ್ 1871ರಲ್ಲಿ ಬರೆದ ಮೇಲ್ಮೈಯ ವಿಶೇಷವೆಂದರೆ ಇಪ್ಪತ್ತೇಳೂ ಗೆರೆಗಳು ವಾಸ್ತವವಾಗಿವೆ, ಆದ್ದರಿಂದ ಪ್ಲಾಸ್ಟರಿನ ಮೇಲೆ ಕೊರೆಯಲು ಸಾಧ್ಯ. ಅದರ ಮೇಲೆ ಹತ್ತು ಬಿಂದುಗಳಿವೆ, ಒಂದೊಂದರಲ್ಲೂ ಮೂರು ಮೂರು ಗೆರೆಗಳು ಕೂಡುತ್ತವೆ. ನಿಮ್ಮ ತಂದೆಯವರು ಇನ್ನೊಮ್ಮೆ ಹೋದರೆ ಗೆರೆಗಳಿಗಿಂತ ಈ ಕೂಡುವ ಬಿಂದುಗಳನ್ನು ಹುಡುಕಲಿ, ಎಣಿಕೆ ಸುಲಭವಾಗುತ್ತದೆ. ಕ್ಲೆಬ್ಷ್ ಮಾತ್ರ ಮಾರನೆಯ ವರ್ಷವೇ, ನಲವತ್ತು ತುಂಬುವ ಮೊದಲೇ ಗಂಟಲಮಾರಿಯಿಂದ ತೀರಿಕೊಂಡರು.

ನಾನು ಇದನ್ನು ಎಂ.ಎಸ್ಸಿ. ತರಗತಿಯಲ್ಲಿ ಹಲವು ವರ್ಷ ಕಲಿಸಿದ್ದೇನೆ. ಮಾದರಿಯನ್ನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ನನ್ನ ಚಿತ್ರ ಆಲೂಗಡ್ಡೆಯಂತಿರುತ್ತದೆ ಎಂದು ವಿದ್ಯಾರ್ಥಿಗಳು ನಗುತ್ತಿದ್ದರು.

ಅರ್ಧವೃತ್ತ:

ಮೇಷ್ಟ್ರ ವಿವರಣೆಗೆ ಧನ್ಯವಾದಗಳು. ಆದರೆ ನಾನೊಂದು ಅಪಸ್ವರ ಎತ್ತಬೇಕಾಗಿದೆ. ನಾನು ಬೀಜಗಣಿತೀಯ ರೇಖಾಗಣಿತದಲ್ಲಿ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿ. ಘನ ಮೇಲ್ಮೈಯ ಪ್ರಮೇಯದ ಸೊಗಸು ಇರುವುದು ‘ಯಾವ ನಯವಾದ ಘನ ಮೇಲ್ಮೈಯನ್ನು ತೆಗೆದುಕೊಂಡರೂ’ ಎಂಬ ಮಾತಿನಲ್ಲಿ. ಪ್ಲಾಸ್ಟರಿನ ಮಾದರಿ ತೋರಿಸುವುದಾದರೋ ಒಂದೇ ಒಂದು ಮೇಲ್ಮೈಯನ್ನು, ಅದೂ ಎಲ್ಲ ಗೆರೆಗಳೂ ಕಾಣಲೆಂದು ಆರಿಸಿ ತೆಗೆದದ್ದನ್ನು. ಪ್ರಮೇಯ ಅಲ್ಲಿಲ್ಲ, ಅದರ ರುಜುವಾತಂತೂ ಅಲ್ಲಿರಲು ಸಾಧ್ಯವೇ ಇಲ್ಲ. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ನಿರ್ಗುಣವಾದದ್ದನ್ನು ಸಗುಣ ಮಾಡಿ ಕಪಾಟಿನಲ್ಲಿ ಕೂರಿಸಿ, ಇದೇ ಅದು ಎಂದು ಕೈಮುಗಿದಂತಾಯಿತು.

ಕುಂಬಾರಿಕೆಯ ಸಂಗ್ರಹಾಲಯದಲ್ಲಿ ಮಡಕೆಯೇ ಇರುತ್ತದೆ. ಗಣಿತದ ಸಂಗ್ರಹಾಲಯದಲ್ಲಿ ಗಣಿತ ಇರುವುದಿಲ್ಲ, ಗಣಿತಜ್ಞರು ಬಳಸಿದ ಸಾಮಾನುಗಳಿರುತ್ತವೆ. ಅದು ಕೆಟ್ಟದ್ದು ಎನ್ನುತ್ತಿಲ್ಲ, ಆದರೆ ಏನು ನೋಡಿದೆವೆಂಬ ಬಗ್ಗೆ ನಮಗೆ ಭ್ರಮೆ ಬೇಡ. ಅಲ್ಲಿನ ವಿದ್ಯಾರ್ಥಿಗಳು ಕಾಫಿ ಹಿಡಿದು ಮುಂದೆ ಹೋದದ್ದು ಅಸಡ್ಡೆಯಿಂದ ಇರಲಾರದು, ಅವರಿಗೆ ಬೇಕಾದದ್ದು ತರಗತಿಯ ಒಳಗಿದೆ.

ತುಂಗಾತೀರ:

ಅರ್ಧವೃತ್ತ ಅವರೇ, ನಿಮ್ಮ ಮಾತನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. “ಆ ಹುಡುಗ ಹೇಳುವುದು ಸರಿ, ಆದರೆ ನನ್ನ ಎಂಟನೆಯ ತರಗತಿಯ ಮಕ್ಕಳಿಗೆ ಮೊದಲು ನಿರ್ಗುಣದಿಂದ ಶುರು ಮಾಡಿದ್ದರೆ ಯಾರೂ ಒಂಬತ್ತಕ್ಕೆ ಬರುತ್ತಿರಲಿಲ್ಲ” ಎಂದರು.

ಈ ನಡುವೆ ನಾನೂ ಸ್ವಲ್ಪ ಓದಿಕೊಂಡೆ, ಮತ್ತು ನೀವಿಬ್ಬರೂ ಆಡುತ್ತಿರುವ ಈ ವಾದ ಆ ಸಂಸ್ಥೆಯ ಒಳಗೇ ನಡೆದುಹೋಗಿದೆ ಎಂದು ಗೊತ್ತಾಯಿತು. ಮಾದರಿಗಳ ಹಿಂದಿದ್ದ ದೊಡ್ಡ ಹೆಸರು ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅವರದು. 1875ರಲ್ಲಿ ಮ್ಯೂನಿಕ್‌ನ ತಾಂತ್ರಿಕ ಶಾಲೆಗೆ ಹೋದ ಕ್ಲೈನ್, ಅಲ್ಲಿ ಅಲೆಕ್ಸಾಂಡರ್ ಬ್ರಿಲ್ ಅವರೊಡನೆ ಸೇರಿ ವಿದ್ಯಾರ್ಥಿಗಳಿಂದಲೇ ಮಾದರಿಗಳನ್ನು ಮಾಡಿಸಿದರು. ವಿದ್ಯಾರ್ಥಿ ಮೊದಲು ಮೇಲ್ಮೈಯ ಸಮೀಕರಣವನ್ನು ಬಿಡಿಸಬೇಕು, ಅಡ್ಡಕೊಯ್ತಗಳ ಲೆಕ್ಕ ಹಾಕಬೇಕು, ಆಮೇಲೆ ಪ್ಲಾಸ್ಟರಿಗೆ ಕೈ ಹಾಕಬೇಕು. ಬ್ರಿಲ್ ಅವರ ಸಹೋದರ ಲುಡ್ವಿಗ್ ಬ್ರಿಲ್ ಡಾರ್ಮ್‌ಸ್ಟಾಟ್‌ನಲ್ಲಿ ಅವನ್ನು ಅಚ್ಚು ಹೊಯ್ದು ಮಾರಲು ಆರಂಭಿಸಿದರು. 1899ರಲ್ಲಿ ಆ ವ್ಯಾಪಾರ ಮಾರ್ಟಿನ್ ಶಿಲ್ಲಿಂಗ್ ಕೈಗೆ ಹೋಯಿತು. ಶಿಲ್ಲಿಂಗ್ ಅವರ 1911ರ ಮಾರಾಟಪಟ್ಟಿಯಲ್ಲಿ ಸುಮಾರು 400 ಮಾದರಿಗಳಿದ್ದವು. 1886ರಲ್ಲಿ ಗಾಟಿಂಗೆನ್‌ಗೆ ಬಂದ ಕ್ಲೈನ್, ಹರ್ಮನ್ ಶ್ವಾರ್ಟ್ಸ್ ಅವರೊಂದಿಗೆ ಸೇರಿ ಅಲ್ಲಿನ ಸಂಗ್ರಹವನ್ನು ಬೆಳೆಸಿದರು. 1893ರ ಶಿಕಾಗೋ ವಿಶ್ವ ಮೇಳಕ್ಕೆ ಜರ್ಮನಿಯ ಪರವಾಗಿ ಮಾದರಿಗಳನ್ನು ಹಡಗಿನಲ್ಲಿ ಕೊಂಡೊಯ್ದವರೂ ಕ್ಲೈನ್ ಅವರೇ, ಅಲ್ಲಿಂದಾಚೆಗೆ ಅಮೆರಿಕದ ವಿಶ್ವವಿದ್ಯಾಲಯಗಳೂ ಕೊಳ್ಳತೊಡಗಿದವು. ಅದೇ ಮೇಳದ ಅಂಗವಾಗಿ ಸೇರಿದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತಾಡಿದರು ಎಂದಾಗ ಅಪ್ಪನಿಗೆ ಇಸವಿ ತಟ್ಟನೆ ಮನಸ್ಸಿನಲ್ಲಿ ನಿಂತಿತು.

ಹೀಗೆ ಬೆಳೆದ ಸಂಗ್ರಹದ ನೆತ್ತಿಯ ಮೇಲೆ ಏನಾಯಿತು ನೋಡಿ. 1895ರಲ್ಲಿ ಹಿಲ್ಬರ್ಟ್ ಅವರನ್ನು ಗಾಟಿಂಗೆನ್‌ಗೆ ಕರೆಸಿದವರು ಇದೇ ಕ್ಲೈನ್. 1915ರಲ್ಲಿ ಗಣಿತಜ್ಞೆ ಎಮ್ಮಿ ನೋಥರ್ ಅವರನ್ನು ಕರೆಸಿದವರು ಕ್ಲೈನ್ ಮತ್ತು ಹಿಲ್ಬರ್ಟ್. ಹೆಂಗಸೆಂಬ ಕಾರಣಕ್ಕೆ ನೋಥರ್ ಅವರಿಗೆ 1919ರವರೆಗೆ ಸ್ವಂತ ಹೆಸರಿನಲ್ಲಿ ಪಾಠ ಹೇಳುವ ಅಧಿಕಾರವಿರಲಿಲ್ಲ, ಹಿಲ್ಬರ್ಟ್ ಹೆಸರಿನಲ್ಲಿ ಪಾಠ ಪ್ರಕಟವಾಗುತ್ತಿತ್ತು, ಹೇಳುತ್ತಿದ್ದವರು ಇವರು. ಅವರು ಕಟ್ಟಿದ ಅಮೂರ್ತ ಬೀಜಗಣಿತದಲ್ಲಿ ಆಕೃತಿಗೆ ಜಾಗವೇ ಇಲ್ಲ. ಮಾದರಿಗಳಿಗೆ ಗೌರವ ತಂದ ಕೈಯೇ ಅವುಗಳನ್ನು ಅನಾವಶ್ಯಕ ಮಾಡಿದವರನ್ನೂ ಮನೆಗೆ ಕರೆದುಕೊಂಡು ಬಂದಿತು. ಒಂದೇ ಛಾವಣಿಯ ಕೆಳಗೆ ಮೊಗಸಾಲೆಯಲ್ಲಿ ಪ್ಲಾಸ್ಟರ್, ಕೋಣೆಯೊಳಗೆ ನೋಥರ್. ನಾನು ಇದನ್ನು ಮೊದಲೇ ತಿಳಿದು ಹೋಗಿದ್ದರೆ ಕಪಾಟುಗಳಿಗೆ ಬೆನ್ನು ಹಾಕಿ ಆ ಮುಚ್ಚಿದ ಬಾಗಿಲುಗಳನ್ನೂ ಸ್ವಲ್ಪ ಹೊತ್ತು ನೋಡುತ್ತಿದ್ದೆ.

ನಾಲೆಯ ನೀರು:

ಇಲ್ಲಿನ ಚರ್ಚೆಯೆಲ್ಲ ಪ್ಲಾಸ್ಟರ್ ಆಕೃತಿಗಳ ಸುತ್ತಲೇ ಸುತ್ತುತ್ತಿರುವುದರಿಂದ ಕೇಳುತ್ತಿದ್ದೇನೆ: ಅದು ಮಾದರಿಗಳ ಮತ್ತು ಉಪಕರಣಗಳ ಸಂಗ್ರಹವಲ್ಲವೇ? ಅಲ್ಲಿ ಪ್ಲಾನಿಮೀಟರ್ ನೋಡಿದಿರಾ ಮೇಡಂ?

ನಾನು ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿದವನು. ಕಂಪ್ಯೂಟರ್ ಬರುವ ಮೊದಲು ಒಂದು ಕೆರೆಗೋ ಜಲಾಶಯಕ್ಕೋ ಎಷ್ಟು ನೀರು ಹಿಡಿಯುತ್ತದೆ ಎಂದು ತಿಳಿಯಲು ನಮಗಿದ್ದದ್ದು ಆ ಯಂತ್ರವೇ. ನಕ್ಷೆಯ ಮೇಲೆ ಸಮಾನ ಎತ್ತರದ ಕಾಂಟೂರ್ ಗೆರೆಗಳಿರುತ್ತವೆ. ಒಂದೊಂದು ಗೆರೆಯೂ ಬಸವನಹುಳು ಹರಿದಂತೆ ವಕ್ರವಾಗಿದ್ದು, ಯಾವ ಸೂತ್ರಕ್ಕೂ ಸಿಗುವುದಿಲ್ಲ. ಪ್ಲಾನಿಮೀಟರಿಗೆ ಕೀಲು ಹಾಕಿ ಕೂಡಿಸಿದ ಎರಡು ತೋಳುಗಳು. ಒಂದರ ತುದಿಯನ್ನು ಭಾರವಿಟ್ಟು ನಕ್ಷೆಯ ಮೇಲೆ ಊರುತ್ತೇವೆ. ಇನ್ನೊಂದರ ತುದಿಯ ಮೊನೆಯನ್ನು ಗೆರೆಯ ಗುಂಟ ಒಂದು ಸುತ್ತು ತಂದು ಹೊರಟ ಜಾಗಕ್ಕೆ ಸೇರಿಸುತ್ತೇವೆ. ಆ ತೋಳಿಗೆ ಅಂಟಿಕೊಂಡ ಪುಟ್ಟ ಚಕ್ರ ಎಷ್ಟು ಉರುಳಿತೆಂದು ಅಂಕಿ ಓದಿ, ತೋಳಿನ ಉದ್ದದಿಂದ ಗುಣಿಸಿದರೆ ಗೆರೆಯೊಳಗಿನ ವಿಸ್ತೀರ್ಣ ಬಂದುಬಿಡುತ್ತದೆ. ಒಳಗೆ ಕಾಲಿಡದೆ ಬೇಲಿಯ ಸುತ್ತ ನಡೆದೇ ಹೊಲವನ್ನು ಅಳೆದಂತೆ.

ಚಕ್ರದ ಗುಟ್ಟೆಂದರೆ ತೋಳಿಗೆ ಅಡ್ಡಲಾಗಿ ಸರಿದಾಗ ಮಾತ್ರ ಅದು ಉರುಳುತ್ತದೆ, ತೋಳಿನ ಉದ್ದಕ್ಕೆ ಸರಿದಾಗ ಉರುಳದೆ ಜಾರುತ್ತದೆ. ಹೋಗುವಾಗ ಮುಂದಕ್ಕೆ, ಬರುವಾಗ ಹಿಂದಕ್ಕೆ ಉರುಳಿ, ಬೇಡದ ಭಾಗವೆಲ್ಲ ತಾನಾಗಿ ಕಳೆದುಹೋಗುತ್ತದೆ. ಇದನ್ನು 1854ರಲ್ಲಿ ಸ್ವಿಟ್ಜರ್ಲೆಂಡಿನ ಯಾಕೋಬ್ ಆಮ್ಸ್ಲರ್ ರೂಪಿಸಿದರು. ಅಂಚಿನ ಗುಂಟ ಹಾಕಿದ ಲೆಕ್ಕದಿಂದಲೇ ಒಳಗಿನ ವಿಸ್ತೀರ್ಣ ಕೊಡುವ ಗ್ರೀನ್ ಪ್ರಮೇಯವೆಂದು ಕಾಲೇಜಿನಲ್ಲಿ ನಾವು ಬಾಯಿಪಾಠ ಮಾಡಿ ಬರೆದದ್ದು ಇದನ್ನೇ ಎಂದು ನನಗೆ ಹೊಳೆದದ್ದು ಕೆಲಸಕ್ಕೆ ಸೇರಿ ಹತ್ತು ವರ್ಷವಾದ ಮೇಲೆ, ಒಂದು ಮಳೆಗಾಲದ ಮಧ್ಯಾಹ್ನ, ಅಣೆಕಟ್ಟೆಯ ಪಕ್ಕದ ಶೆಡ್ಡಿನಲ್ಲಿ ಎಂಟನೆಯ ಕಾಂಟೂರ್ ಸುತ್ತುತ್ತಿದ್ದಾಗ. ಹಾಗೆ ಒಂದೊಂದು ಎತ್ತರದ ವಿಸ್ತೀರ್ಣವನ್ನೂ ಅಳೆದು, ಅಕ್ಕಪಕ್ಕದ ಎರಡರ ಸರಾಸರಿಯನ್ನು ನಡುವಿನ ಎತ್ತರದಿಂದ ಗುಣಿಸಿ ಕೂಡಿಸುತ್ತ ಹೋದರೆ ಜಲಾಶಯದ ಒಟ್ಟು ಪ್ರಮಾಣ ಸಿಗುತ್ತದೆ.

ಅರ್ಧವೃತ್ತ ಅವರು ಪ್ರಮೇಯ ಕಪಾಟಿನಲ್ಲಿ ಇರಲು ಸಾಧ್ಯವಿಲ್ಲ ಎಂದರು. ಪ್ಲಾನಿಮೀಟರಿನ ಒಳಗೆ ಪ್ರಮೇಯ ಇದೆ ಎಂದು ನನ್ನ ಅಭಿಪ್ರಾಯ. ಬೀಗ ಹಾಕಿಟ್ಟರೆ ಕಾಣುವುದಿಲ್ಲ, ಅಷ್ಟೆ.

ತುಂಗಾತೀರ:

ನೋಡಿದೆವು ಸರ್. ಉಪಕರಣಗಳ ಕಪಾಟಿನ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ, ಈಗ ಅದಕ್ಕೆ ನಾಚಿಕೆಯಾಗುತ್ತಿದೆ. ಚೀಟಿಗಳೆಲ್ಲ ಜರ್ಮನ್‌ನಲ್ಲಿದ್ದು, ವಸ್ತುವಿನ ಹೆಸರನ್ನಷ್ಟೇ ಹೇಳುತ್ತವೆ. ಅದು ಏನು ಮಾಡುತ್ತಿತ್ತು ಎಂದು ಹೇಳುವುದಿಲ್ಲ. ನೀವು ಬರೆದ ಎರಡು ಪರಿಚ್ಛೇದಗಳು ಆ ಗಾಜಿನ ಮೇಲೆ ಅಂಟಿಸಿದ್ದರೆ ಸಾಕಿತ್ತು.

ಅರ್ಧವೃತ್ತ:

ಪ್ಲಾನಿಮೀಟರಿನ ವಿಷಯದಲ್ಲಿ ನಾನು ಸೋಲೊಪ್ಪುತ್ತೇನೆ. ಅದು ಒಂದು ಆಕೃತಿಗಲ್ಲ, ಯಾವ ಆಕೃತಿಗೂ ಕೆಲಸ ಮಾಡುತ್ತದೆ. ಅಂದರೆ ‘ಯಾವುದನ್ನು ತೆಗೆದುಕೊಂಡರೂ’ ಎಂಬ ನನ್ನ ಷರತ್ತನ್ನು ಅದು ಪೂರೈಸುತ್ತದೆ. ಕ್ಲೆಬ್ಷ್ ಮೇಲ್ಮೈಯ ವಿಷಯದಲ್ಲಿ ಮಾತ್ರ ನನ್ನ ನಿಲುವು ಬದಲಾಗಿಲ್ಲ. 1930ರ ದಶಕದಲ್ಲಿ ಮ್ಯಾನ್ ರೇ ಎಂಬ ಛಾಯಾಗ್ರಾಹಕರು ಪ್ಯಾರಿಸ್ಸಿನ ಆನ್ರಿ ಪ್ವಾಂಕರೆ ಸಂಸ್ಥೆಯಲ್ಲಿದ್ದ ಇಂಥದೇ ಮಾದರಿಗಳ ಚಿತ್ರ ತೆಗೆದರು; ಆ ಚಿತ್ರಗಳನ್ನು ಮೆಚ್ಚಲು ಸಮೀಕರಣ ತಿಳಿದಿರಬೇಕಿಲ್ಲ. ಗಣಿತದವರು ಕೈಬಿಟ್ಟ ವಸ್ತುವನ್ನು ಕಲಾವಿದರು ಎತ್ತಿಕೊಂಡರು ಎನ್ನುವುದೇ ಅವುಗಳಲ್ಲಿ ಏನು ಉಳಿದಿತ್ತು ಎಂಬುದಕ್ಕೆ ಸಾಕ್ಷಿ.

ಶಾಸನಪ್ರಿಯ:

ಗಣಿತ ನನ್ನ ಕ್ಷೇತ್ರವಲ್ಲ, ಆದರೆ ಗಾಟಿಂಗೆನ್ ಎಂದ ಕೂಡಲೇ ಸುಮ್ಮನಿರಲಾಗಲಿಲ್ಲ. ಕ್ಲೈನ್ ಅಲ್ಲಿ ಮಾದರಿಗಳನ್ನು ಜೋಡಿಸುತ್ತಿದ್ದ ವರ್ಷಗಳಲ್ಲೇ ಅದೇ ವಿಶ್ವವಿದ್ಯಾಲಯದ ಸಂಸ್ಕೃತ ಪ್ರಾಧ್ಯಾಪಕರಾಗಿದ್ದವರು ಫ್ರಾಂಟ್ಸ್ ಕೀಲ್‌ಹಾರ್ನ್. ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದು 1882ರಲ್ಲಿ ಗಾಟಿಂಗೆನ್ ಸೇರಿದ ಅವರು 1908ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಇಮ್ಮಡಿ ಪುಲಕೇಶಿಯ ಐಹೊಳೆ ಶಾಸನವನ್ನು ಶಾಸನಗಳ ಪ್ರಕಟಣೆಯಾದ ಎಪಿಗ್ರಾಫಿಯಾ ಇಂಡಿಕಾದ ಆರನೆಯ ಸಂಪುಟಕ್ಕೆ ಸಂಪಾದಿಸಿಕೊಟ್ಟವರು ಅವರೇ.

ಆ ಶಾಸನದ ಕೊನೆಯ ಭಾಗದಲ್ಲಿ ಅದನ್ನು ಬರೆದ ಕವಿ ರವಿಕೀರ್ತಿ ಕಾಲವನ್ನು ಎರಡು ಲೆಕ್ಕದಲ್ಲಿ ಹೇಳುತ್ತಾನೆ. ಭಾರತ ಯುದ್ಧದಿಂದ ಮೂವತ್ತು, ಮೂರು ಸಾವಿರ, ಏಳುನೂರು ಮತ್ತು ಐದು ವರ್ಷ ಕಳೆದಿವೆ ಎಂದು ಬಿಡಿಬಿಡಿಯಾಗಿ ಹೇಳುತ್ತಾನೆ, ಕೂಡಿದರೆ 3735. ಶಕರಾಜರ ಲೆಕ್ಕದಲ್ಲಿ ಐವತ್ತು, ಆರು ಮತ್ತು ಐನೂರು, ಕೂಡಿದರೆ 556. ಭಾರತ ಯುದ್ಧದ ಲೆಕ್ಕವನ್ನು ಕಲಿಯುಗದ ಆರಂಭವಾದ ಕ್ರಿ.ಪೂ. 3102ರಿಂದ ಹಿಡಿದು (ಕ್ರಿ.ಪೂ. 1 ಮತ್ತು ಕ್ರಿ.ಶ. 1ರ ನಡುವೆ ಸೊನ್ನೆಯ ವರ್ಷವಿಲ್ಲ) ಮೊದಲನೆಯದನ್ನು, 78 ಕೂಡಿಸಿ ಎರಡನೆಯದನ್ನು ಪರಿವರ್ತಿಸಿದರೆ ಎರಡೂ ಕ್ರಿ.ಶ. 634ಕ್ಕೇ ಬಂದು ನಿಲ್ಲುತ್ತವೆ. ಶಾಸನಗಳ ತಿಥಿ ವಾರಗಳನ್ನು ಹೀಗೆ ಗಣಿಸಿ ತಾಳೆ ನೋಡುವುದರಲ್ಲಿ ಕೀಲ್‌ಹಾರ್ನ್ ಎತ್ತಿದ ಕೈ. ಹಾಗಾಗಿ ನನ್ನ ಮಟ್ಟಿಗೆ ಐಹೊಳೆಯ ಮೇಗುಟಿ ಗುಡಿಯ ಗೋಡೆಯೂ ಗಣಿತದ ಇತಿಹಾಸದ ಒಂದು ಪ್ರದರ್ಶನವೇ. ಅಲ್ಲಿಗೆ ಶಾಲಾ ಪ್ರವಾಸ ಹೋಗುವ ಮಕ್ಕಳಿಗೆ ಈ ಕೂಡಿಸುವ ಲೆಕ್ಕ ಮಾಡಿಸಿದವರನ್ನು ನಾನಿನ್ನೂ ಕಂಡಿಲ್ಲ.

ಬಸವನಗುಡಿ ವಾಸಿ:

ಇದೇ ಎಳೆಗೆ ಬೆಂಗಳೂರಿನ ಒಂದು ಗಂಟು ಹಾಕುತ್ತೇನೆ. ಗಾಟಿಂಗೆನ್‌ನ ಪತನದ ಬಗ್ಗೆ ಯಾರೂ ಬರೆಯಲಿಲ್ಲ. 1933ರ ಏಪ್ರಿಲ್‌ನಲ್ಲಿ ಯೆಹೂದ್ಯರನ್ನು ಸರಕಾರಿ ಕೆಲಸದಿಂದ ತೆಗೆಯಲು ನಾಜಿ ಸರಕಾರ ತಂದ ಕಾನೂನಿನಿಂದಾಗಿ ಎಮ್ಮಿ ನೋಥರ್, ಆ ಕಟ್ಟಡಕ್ಕಾಗಿ ಓಡಾಡಿದ್ದ ರಿಚರ್ಡ್ ಕೂರಾಂಟ್, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಮೊದಲಾದವರೆಲ್ಲ ಕೆಲಸದಿಂದ ಹೊರಬಿದ್ದರು. ಕಟ್ಟಡ ತೆರೆದು ನಾಲ್ಕು ವರ್ಷವೂ ತುಂಬಿರಲಿಲ್ಲ. ಕೂರಾಂಟ್ ನಂತರ ಸಂಸ್ಥೆಯ ಮೇಲ್ವಿಚಾರಣೆಗೆ ನೇಮಕವಾದ ಓಟೋ ನೋಯ್ಗೆಬೌವರ್, ಸರಕಾರಕ್ಕೆ ನಿಷ್ಠೆಯ ಪತ್ರಕ್ಕೆ ಸಹಿ ಹಾಕಲು ಒಪ್ಪದೆ ಒಂದೇ ದಿನ ಆ ಸ್ಥಾನದಲ್ಲಿದ್ದರು. ಬ್ಯಾಬಿಲೋನಿನ ಗಣಿತದ ಇತಿಹಾಸಕಾರರಾದ ಅವರೇ ಮುಂದೆ ಡೇವಿಡ್ ಪಿಂಗ್ರೀ ಜೊತೆ ವರಾಹಮಿಹಿರನ ಖಗೋಳ ಗ್ರಂಥ ಪಂಚಸಿದ್ಧಾಂತಿಕೆಯನ್ನು ಸಂಪಾದಿಸಿದರು.

ಬಾರ್ನ್ ಅವರು ಸರ್ ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935ರ ಕೊನೆಯಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸುಮಾರು ಆರು ತಿಂಗಳು ಇದ್ದರು. ಅವರನ್ನು ಇಲ್ಲಿಯೇ ಕಾಯಂ ಉಳಿಸಿಕೊಳ್ಳಬೇಕೆಂಬ ರಾಮನ್ ಅವರ ಆಸೆ ಕೈಗೂಡಲಿಲ್ಲ, ಬಾರ್ನ್ ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು. ಅವರ ಸಮಾಧಿ ಗಾಟಿಂಗೆನ್ ನಗರದ ಸ್ಮಶಾನದಲ್ಲಿದೆ, ಕಲ್ಲಿನ ಮೇಲೆ ಅವರ ಸೂತ್ರವನ್ನೇ ಕೆತ್ತಿದ್ದಾರೆ: ಸ್ಥಾನ ಮತ್ತು ಸಂವೇಗಗಳನ್ನು ಗುಣಿಸುವ ಕ್ರಮ ಬದಲಾದರೆ ಬರುವ ವ್ಯತ್ಯಾಸ. ಹಿಲ್ಬರ್ಟ್ ಸಮಾಧಿಯೂ ಅಲ್ಲಿಯೇ, ಅದರ ಮೇಲೆ 1930ರ ಭಾಷಣದ ಮಾತು, “ನಾವು ತಿಳಿಯಬೇಕು, ತಿಳಿದೇ ತಿಳಿಯುತ್ತೇವೆ.” ತುಂಗಾತೀರ ಅವರು ಮುಂದಿನ ಸಲ ಹೋದಾಗ ಮಾದರಿಗಳ ಜೊತೆಗೆ ಆ ಎರಡು ಕಲ್ಲುಗಳನ್ನೂ ನೋಡಿ ಬರಲಿ.

ಹೊಸಬ, ಹ್ಯಾನೋವರ್:

ನಾನು ಇಲ್ಲಿ ಸ್ನಾತಕೋತ್ತರ ಓದಲು ಬಂದು ಎರಡು ತಿಂಗಳಾಗಿದೆ. ಲೈಬ್ನಿಟ್ಸ್ ಮಾಡಿಸಿದ ಲೆಕ್ಕದ ಯಂತ್ರ ಗಾಟಿಂಗೆನ್‌ನಲ್ಲಿದೆಯೆಂದು ಎಲ್ಲಿಯೋ ಓದಿದ ನೆನಪು. ಹಾಗಿದ್ದರೆ ಒಂದೇ ಪ್ರಯಾಣದಲ್ಲಿ ಎರಡನ್ನೂ ನೋಡಿ ಬರುವ ಯೋಚನೆ.

ಬಸವನಗುಡಿ ವಾಸಿ:

ಇತ್ತು, ಈಗಿಲ್ಲ. ಕೂಡಿಸು, ಕಳೆ, ಗುಣಿಸು, ಭಾಗಿಸು ನಾಲ್ಕನ್ನೂ ಮಾಡಬೇಕೆಂದು ಲೈಬ್ನಿಟ್ಸ್ ಯೋಜಿಸಿದ ಆ ಯಂತ್ರ ಹದಿನೆಂಟನೆಯ ಶತಮಾನದಲ್ಲಿ ಗಾಟಿಂಗೆನ್ ಸೇರಿ, ವಿಶ್ವವಿದ್ಯಾಲಯದ ಒಂದು ಅಟ್ಟದ ಮೇಲೆ ಎಲ್ಲರಿಗೂ ಮರೆತುಹೋಗಿತ್ತು. ಸೋರುವ ಮಾಡನ್ನು ರಿಪೇರಿ ಮಾಡಲು ಹತ್ತಿದ ಕೆಲಸಗಾರರಿಗೆ 1879ರಲ್ಲಿ ಸಿಕ್ಕಿತು. ಈಗ ಅದು ನಿಮ್ಮ ಊರಿನಲ್ಲೇ, ಹ್ಯಾನೋವರ್‌ನ ಲೈಬ್ನಿಟ್ಸ್ ಗ್ರಂಥಾಲಯದ ಸಂಗ್ರಹದಲ್ಲಿದೆ. ಹಿತ್ತಲ ಗಿಡ ಮದ್ದಲ್ಲ ಎಂದಾಗದಿರಲಿ.

ತುಂಗಾತೀರ:

ಹೊಸಬ ಅವರೇ, ಗಾಟಿಂಗೆನ್‌ಗೆ ವಾರದ ದಿನವೇ ಹೋಗಿ. ಅದು ಪಾಠ ನಡೆಯುವ ಕಟ್ಟಡವಾದ್ದರಿಂದ ಭಾನುವಾರ ಹೋದರೆ ಬಾಗಿಲು ನೋಡಿ ಬರಬೇಕಾದೀತು. ನಿಲ್ದಾಣದಿಂದ ನಡೆದೇ ಹೋಗಬಹುದು. ಸಂಗ್ರಹದ ಮಾದರಿಗಳ ಚಿತ್ರಗಳನ್ನು ಅವರು ಅಂತರಜಾಲದಲ್ಲೂ ಹಾಕಿದ್ದಾರೆ. ಮೊದಲು ಅದನ್ನು ನೋಡಿ, ನಾಲ್ಕೈದನ್ನು ಆರಿಸಿಕೊಂಡು ಹೋದರೆ ಒಳ್ಳೆಯದು. ಎಲ್ಲವನ್ನೂ ನೋಡುತ್ತೇನೆಂದು ಹೊರಟರೆ ಒಂದು ಗಂಟೆಯ ನಂತರ ಎಲ್ಲವೂ ಬಿಳಿ ಗಡ್ಡೆಗಳಂತೆ ಕಾಣತೊಡಗುತ್ತವೆ. ರೈಲು ನಿಲ್ದಾಣದ ಹತ್ತಿರ ವಿಶ್ವವಿದ್ಯಾಲಯದ್ದೇ ಆದ ಹೊಸ ಸಂಗ್ರಹಾಲಯ 2022ರಲ್ಲಿ ತೆರೆದಿದೆ, ಅಲ್ಲಿ ವಿವರಣೆ, ಬೆಳಕು, ಕೂರುವ ಜಾಗ ಎಲ್ಲವೂ ಇವೆ. ಆದರೂ ನನಗೆ ಆ ಮೊಗಸಾಲೆಯೇ ಹೆಚ್ಚು ಹಿಡಿಸಿತು.

ಹಳೇ ಮೇಷ್ಟ್ರು, ಧಾರವಾಡ:

ಮೊಗಸಾಲೆಯ ಮಾತಿನಿಂದ ನನಗೊಂದು ಯೋಚನೆ ಬಂತು. ನಮ್ಮ ವಿಶ್ವವಿದ್ಯಾಲಯಗಳ ಗಣಿತ ವಿಭಾಗಗಳಲ್ಲೂ ಮೊಗಸಾಲೆಗಳಿವೆ. ಅಲ್ಲಿ ಸಾಮಾನ್ಯವಾಗಿ ಇರುವುದು ರಾಮಾನುಜನ್ ಅವರ ಒಂದು ಪಟ, ಹಳೆಯ ಪರೀಕ್ಷಾ ವೇಳಾಪಟ್ಟಿ, ಮುರಿದ ಬೆಂಚು. ಕ್ಲೈನ್ ಮಾದರಿಗಳನ್ನು ಜರ್ಮನಿಯಿಂದ ತರಿಸಿ ಇಡಬೇಕೆಂದು ನಾನು ಹೇಳುವುದಿಲ್ಲ. ನಮ್ಮಲ್ಲಿಯೇ ಇಡುವಂಥದ್ದು ಇದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹವಿದೆ, ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲೇ ವ್ಯವಹಾರಗಣಿತ ಬರೆದ ರಾಜಾದಿತ್ಯನಿದ್ದಾನೆ. ಆದರೆ ಇವು ಪುಸ್ತಕಗಳು, ತೆರೆದಿಟ್ಟ ಒಂದು ಪುಟದಿಂದ ನೋಡುವವನಿಗೆ ಹೆಚ್ಚೇನೂ ದಕ್ಕುವುದಿಲ್ಲ.

ನಾನು ಇಡಬಯಸುವುದು ಕೈಗೆ ಸಿಗುವ ವಸ್ತುಗಳನ್ನು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಬಳಪದಿಂದ ಲೆಕ್ಕ ಬರೆದು, ಮಡಚಿ ಇಡುತ್ತಿದ್ದ ಕಡತ ಒಂದು. ಒರೆಸಿ ಮತ್ತೆ ಬರೆಯಬಹುದಾಗಿದ್ದ ಅದರ ಹೆಸರನ್ನೇ ಇಂದಿಗೂ ನಮ್ಮ ಕಚೇರಿಗಳು ಫೈಲಿಗೆ ಇಟ್ಟುಕೊಂಡಿವೆ. ಕೊಳಗ, ಸೇರು, ಪಾವು, ಚಟಾಕುಗಳ ಒಂದು ಸಾಲು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯಿರುವ ಹಳೆಯ ಮಗ್ಗಿ ಪುಸ್ತಕ; 1957ರಲ್ಲಿ ನಯೇ ಪೈಸೆ ಬಂದು ರೂಪಾಯಿಗೆ ಹದಿನಾರಾಣೆಯ ಬದಲು ನೂರು ಪೈಸೆಯಾದ ಮೇಲೆ ಆ ಮಗ್ಗಿಗಳ ಕಥೆ ಏನಾಯಿತೆಂಬ ಎರಡು ಸಾಲಿನ ವಿವರಣೆ. ನನ್ನ ಅಜ್ಜ ಮುಕ್ಕಾಲರ ಮಗ್ಗಿಯನ್ನು ಮೂವತ್ತರವರೆಗೆ ತಡವರಿಸದೆ ಹೇಳುತ್ತಿದ್ದರು, ನಾನು ಎಂ.ಎಸ್ಸಿ. ಮುಗಿಸಿ ಬಂದ ದಿನವೂ ಅದರಲ್ಲಿ ಅವರನ್ನು ಗೆಲ್ಲಲಿಲ್ಲ. ಇವುಗಳ ಪಕ್ಕದಲ್ಲಿ ತುಂಗಾತೀರ ಅವರ ತಂದೆ ಹೇಳಿದ ಸಿವುಡನ್ನೂ ಒಂದು ಇಡಬೇಕು, ಅದರ ಕೆಳಗೆ ಸಮೀಕರಣವನ್ನು ಅರ್ಧವೃತ್ತ ಬರೆಯಲಿ.

ಅರ್ಧವೃತ್ತ:

ಬರೆಯುತ್ತೇನೆ ಸರ್. ಸಿವುಡು ತಿರುಚಿದಷ್ಟೂ ನಡು ಸಣ್ಣಗಾಗುವುದೇಕೆ ಎಂಬುದನ್ನೂ ಸೇರಿಸುತ್ತೇನೆ, ಅದು ಮೂರು ಸಾಲಿನ ಲೆಕ್ಕ. ಒಂದು ಕೋರಿಕೆ ಇದೆ: ವಸ್ತುಗಳನ್ನು ಗಾಜಿನ ಆಚೆಗಿಡಬೇಡಿ. ಕಡತದ ಮೇಲೆ ಬರೆದು ಒರೆಸಲು, ಸಿವುಡನ್ನು ತಿರುಚಲು ಬಿಡಿ. ಹಾಳಾದರೆ ಇನ್ನೊಂದು ಮಾಡಿಸೋಣ.

ನಾಲೆಯ ನೀರು:

ನನ್ನ ಪ್ಲಾನಿಮೀಟರ್ ಇನ್ನೂ ಮನೆಯಲ್ಲಿದೆ. ಇಲಾಖೆಯದಲ್ಲ, ಸ್ವಂತ ದುಡ್ಡಿನಲ್ಲಿ ಕೊಂಡದ್ದು, ಒಳಗೆ ನೀಲಿ ಮಖಮಲ್ಲಿರುವ ಕಪ್ಪು ಪೆಟ್ಟಿಗೆ. ಈ ಚರ್ಚೆ ಓದಿ ನಿನ್ನೆ ರಾತ್ರಿ ಅಟ್ಟದಿಂದ ಇಳಿಸಿದೆ. ಕಾಗದದ ಮೇಲೆ ಹತ್ತು ಸೆಂಟಿಮೀಟರಿನ ಚೌಕ ಬರೆದು ಮೊಮ್ಮಗಳ ಕೈಯಲ್ಲಿ ಸುತ್ತಿಸಿದೆ. 100 ಚದರ ಸೆಂ.ಮೀ. ಬರಬೇಕಿತ್ತು. ಮೊದಲನೆಯ ಸಲ 96 ಬಂತು, ಚಕ್ರದ ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟ ಮೇಲೆ 99.6. ನಂತರ ಅವಳು ತನ್ನ ಅಂಗೈ ಇಟ್ಟು ಗೆರೆ ಎಳೆದು ಅದರ ವಿಸ್ತೀರ್ಣ ತೆಗೆದಳು, ಆಮೇಲೆ ನನ್ನದು, ಆಮೇಲೆ ಅವಳ ಅಜ್ಜಿಯದು. ಮೇಷ್ಟ್ರು ಧಾರವಾಡದಲ್ಲಿ ಯಾವುದಾದರೂ ವಿಭಾಗವನ್ನು ಒಪ್ಪಿಸಿದರೆ ಪೆಟ್ಟಿಗೆ ಸಮೇತ ನಾನೇ ತಂದುಕೊಡುತ್ತೇನೆ. ಬೀಗ ಹಾಕುವುದಿಲ್ಲ ಎಂದು ಬರೆದುಕೊಡಬೇಕು, ಮತ್ತು ಎಣ್ಣೆಯ ಸಣ್ಣ ಬಾಟಲಿಯನ್ನು ಪಕ್ಕದಲ್ಲೇ ಇಡಬೇಕು.